ಬೆಂಕಿ ಹಚ್ಚಿ ಸ್ವತ್ತಿಗೆ ಕೇಡುಂಟುಮಾಡುವ ಅಪರಾಧ: ಕಾನೂನಿನ ಅರ್ಥ, ಅಂಶಗಳು ಮತ್ತು ಸಾರ್ವಜನಿಕರಿಗೆ ಮಾಹಿತಿ

ಮನೆ, ಅಂಗಡಿ, ವಾಹನ, ಹುಲ್ಲಿನ ಬಣವೆ ಅಥವಾ ಬೆಳೆಗೆ ಬೆಂಕಿ ಬಿದ್ದು ನಷ್ಟಕ್ಕೊಳಗಾದ ಸಾರ್ವಜನಿಕರು ಪ್ರಥಮ ವರ್ತಮಾನ ವರದಿಯ ಪ್ರತಿ, ಅಗ್ನಿ ವರದಿ, ವಿಮಾ ಮೊತ್ತ ಹಾಗೂ ಪರಿಹಾರಕ್ಕಾಗಿ ವಿವಿಧ ಕಚೇರಿಗಳಿಗೆ ಅರ್ಜಿ ಸಲ್ಲಿಸುತ್ತಾರೆ. ಅವುಗಳಲ್ಲಿ “ಬೆಂಕಿ ಬಿದ್ದಿದೆ” ಎಂಬುದಕ್ಕೂ “ಬೆಂಕಿ ಹಚ್ಚಲಾಗಿದೆ” ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಅನೇಕರು ಗಮನಿಸುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ. ದೂರಿನ ಮೊದಲ ಸಾಲಿನಲ್ಲಿ ಬರೆದ ಪದವು ಮುಂದಿನ ತನಿಖೆಯ ಮೇಲೂ ಪರಿಹಾರದ ಮೇಲೂ ಪರಿಣಾಮ ಬೀರುತ್ತದೆ. ಆದುದರಿಂದ ಈ ಅಪರಾಧದ ಕಾನೂನು ಸ್ವರೂಪವನ್ನು ಇಲ್ಲಿ ವಿವರಿಸಲಾಗಿದೆ.

ಅನ್ವಯವಾಗುವ ಕಾನೂನು

ಇಂಗ್ಲಿಷಿನಲ್ಲಿ ಆರ್ಸನ್ ಎಂದು ಕರೆಯಲಾಗುವ ಈ ಅಪರಾಧಕ್ಕೆ ನಮ್ಮ ದಂಡ ಕಾನೂನಿನಲ್ಲಿ ಆ ಹೆಸರಿಲ್ಲ. ಇಂಗ್ಲೆಂಡಿನ ಹಳೆಯ ರೂಢಿ ಕಾನೂನಿನಲ್ಲಿ ಅನ್ಯರ ವಾಸದ ಮನೆಯನ್ನು ದುರುದ್ದೇಶದಿಂದ ಸುಡುವುದು ಮಾತ್ರ ಆರ್ಸನ್ ಎನಿಸುತ್ತಿತ್ತು. 1860ರ ಭಾರತ ದಂಡ ಸಂಹಿತೆಯು ಈ ಮಾರ್ಗವನ್ನು ಅನುಸರಿಸಲಿಲ್ಲ. ಇಂಗ್ಲಿಷ್ ಪಠ್ಯದಲ್ಲಿ ಮಿಸ್ಚೀಫ್ ಎಂದಿರುವ “ಕೇಡು” ಎಂಬ ವಿಶಾಲ ಅಪರಾಧವನ್ನು ಮೊದಲು ನಿರೂಪಿಸಿ, ಬೆಂಕಿ ಅಥವಾ ಸ್ಫೋಟಕ ವಸ್ತುವಿನಿಂದ ಮಾಡಿದ ಕೇಡಿಗೆ ಹೆಚ್ಚಿನ ಶಿಕ್ಷೆಯನ್ನು ವಿಧಿಸಿತು.

ದಿನಾಂಕ 01.07.2024ರಿಂದ ಭಾರತೀಯ ನ್ಯಾಯ ಸಂಹಿತೆ, 2023 ಜಾರಿಗೆ ಬಂದಿದ್ದು, ಇದರಲ್ಲಿಯೂ ಅದೇ ರಚನೆಯನ್ನು ಉಳಿಸಿಕೊಳ್ಳಲಾಗಿದೆ. ಘಟನೆಯು ಸದರಿ ದಿನಾಂಕಕ್ಕಿಂತ ಮುಂಚೆ ನಡೆದಿದ್ದಲ್ಲಿ ಹಳೆಯ ದಂಡ ಸಂಹಿತೆಯ ಕಲಂ 425, 435, 436 ಮುಂತಾದವುಗಳೇ ಅನ್ವಯಿಸುತ್ತವೆ. ಗಣನೆಗೆ ಬರುವುದು ಅಪರಾಧ ನಡೆದ ದಿನಾಂಕವೇ ಹೊರತು ದೂರು ನೀಡಿದ ದಿನಾಂಕವಲ್ಲ.

“ಕೇಡು” ಎಂದರೇನು

ನ್ಯಾಯ ಸಂಹಿತೆಯ ಕಲಂ 324(1)ರ ಪ್ರಕಾರ, ಸಾರ್ವಜನಿಕರಿಗೆ ಅಥವಾ ಯಾವುದೇ ವ್ಯಕ್ತಿಗೆ ಅಕ್ರಮ ನಷ್ಟ ಅಥವಾ ಹಾನಿಯನ್ನುಂಟುಮಾಡುವ ಉದ್ದೇಶದಿಂದ, ಅಥವಾ ಹಾಗಾಗುವ ಸಂಭವವಿದೆಯೆಂಬ ಅರಿವಿನಿಂದ, ಯಾವುದೇ ಸ್ವತ್ತನ್ನು ನಾಶಪಡಿಸುವುದು, ಇಲ್ಲವೇ ಅದರ ಮೌಲ್ಯ ಅಥವಾ ಉಪಯುಕ್ತತೆ ಕುಗ್ಗುವಂತಹ ಬದಲಾವಣೆಯನ್ನು ಮಾಡುವುದು ಕೇಡು ಎನಿಸುತ್ತದೆ. ಇದರಲ್ಲಿ ಮೂರು ಅಂಶಗಳು ಅಡಕವಾಗಿವೆ. ಮೊದಲನೆಯದು ಉದ್ದೇಶ ಅಥವಾ ಅರಿವು. ಎರಡನೆಯದು ಅಕ್ರಮ ನಷ್ಟ ಅಥವಾ ಹಾನಿ. ಮೂರನೆಯದು ಸ್ವತ್ತಿನಲ್ಲಿ ನಿಜವಾಗಿ ಆದ ನಾಶ ಅಥವಾ ಬದಲಾವಣೆ. ಮೂರೂ ಕೂಡಿದಾಗ ಮಾತ್ರ ಅಪರಾಧ ಪೂರ್ಣಗೊಳ್ಳುತ್ತದೆ. “ಅಕ್ರಮ ನಷ್ಟ” ಎಂದರೆ ಒಬ್ಬ ವ್ಯಕ್ತಿಗೆ ಕಾನೂನುಬದ್ಧವಾಗಿ ಹಕ್ಕಿರುವ ಸ್ವತ್ತನ್ನು ಕಾನೂನುಬಾಹಿರ ವಿಧಾನದಿಂದ ಅವನು ಕಳೆದುಕೊಳ್ಳುವಂತೆ ಮಾಡುವುದು.

ಇವುಗಳಲ್ಲಿ ಉದ್ದೇಶದ ಅಂಶವೇ ಪ್ರಮುಖವಾದುದು. ಹೆಚ್ಚಿನ ಪ್ರಕರಣಗಳು ನಿಲ್ಲುವುದೂ ಬೀಳುವುದೂ ಇಲ್ಲಿಯೇ. ನಿರ್ದಿಷ್ಟ ಉದ್ದೇಶವನ್ನೇ ಸಾಬೀತುಪಡಿಸಬೇಕೆಂದಿಲ್ಲ. ಹಾನಿಯಾಗುವ ಸಂಭವವಿದೆಯೆಂಬ ಅರಿವಿದ್ದರೂ ಸಾಕು. ಉದಾಹರಣೆಗೆ, ಒಬ್ಬನು ನೆರೆಯವನ ಮೇಲಿನ ದ್ವೇಷದಿಂದ ಅವನ ಬಣವೆಗೆ ಕಡ್ಡಿ ಗೀರಿದರೆ ಉದ್ದೇಶ ಸ್ಪಷ್ಟವಾಗಿದೆ. ಬಣವೆಗೆ ತಾಗಿಕೊಂಡೇ ಹುಲ್ಲಿನ ಗುಡಿಸಲು ಇದೆಯೆಂಬುದನ್ನು ಬಲ್ಲವನು ಬಣವೆಗೆ ಮಾತ್ರ ಬೆಂಕಿ ಇಟ್ಟೆನೆಂದು ಹೇಳಿದರೂ, ಗುಡಿಸಲು ಸುಡುವ ಸಂಭವದ ಅರಿವು ಅವನಿಗಿತ್ತೆಂದು ನ್ಯಾಯಾಲಯವು ಸಂದರ್ಭಗಳಿಂದ ತೀರ್ಮಾನಿಸಬಹುದು. ಆದರೆ ರೈತನೊಬ್ಬನು ತನ್ನ ಹೊಲದ ಕಬ್ಬಿನ ರವದಿಗೆ ಬೆಂಕಿ ಹಾಕಿದ್ದು, ಗಾಳಿ ಎದ್ದು ಪಕ್ಕದ ಹೊಲಕ್ಕೆ ಹರಡಿದರೆ, ಉದ್ದೇಶವೂ ಅರಿವೂ ಇರಲಿಲ್ಲವೆಂದಾದಲ್ಲಿ ಅದು ಕೇಡು ಆಗುವುದಿಲ್ಲ. ಅಂತಹ ಸಂದರ್ಭದ ಬಗ್ಗೆ ಮುಂದೆ ವಿವರಿಸಲಾಗಿದೆ.

ಸ್ವಂತ ಸ್ವತ್ತಿಗೆ ಬೆಂಕಿ ಹಚ್ಚಿದರೆ ಅಪರಾಧವಾಗುವುದೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಕೇಳಿಬರುತ್ತದೆ. ಸದರಿ ಕಲಮಿನ ವಿವರಣೆಯಂತೆ, ಕೃತ್ಯ ಎಸಗಿದವನಿಗೇ ಸೇರಿದ ಅಥವಾ ಅವನಿಗೂ ಇತರರಿಗೂ ಜಂಟಿಯಾಗಿ ಸೇರಿದ ಸ್ವತ್ತಿನ ವಿಷಯದಲ್ಲಿಯೂ ಕೇಡು ನಡೆಯಬಹುದು. ಸಾಲಗಾರನ ಜಪ್ತಿಗೆ ಒಳಗಾಗಲಿರುವ ಸಾಮಾನನ್ನು ಅದರ ಒಡೆಯನೇ ನಾಶಪಡಿಸಿದರೆ, ಅಥವಾ ವಿಮೆ ಮಾಡಿಸಿದ ಹಡಗನ್ನು ವಿಮಾದಾರರಿಗೆ ನಷ್ಟವಾಗಲೆಂದು ಒಡೆಯನೇ ಹಾಳುಗೆಡವಿದರೆ ಅದು ಕೇಡು ಎಂದು ಕಾನೂನಿನ ದೃಷ್ಟಾಂತಗಳೇ ಹೇಳುತ್ತವೆ. ಹಡಗಿನ ಜಾಗದಲ್ಲಿ ಇಂದಿನ ಗೋದಾಮು ಅಥವಾ ಅಂಗಡಿಯನ್ನು ಇಟ್ಟು ನೋಡಿದರೆ ಈ ನಿಯಮದ ಉಪಯೋಗ ತಿಳಿಯುತ್ತದೆ. ವಿಮಾ ಮೊತ್ತಕ್ಕಾಗಿ ದಾಸ್ತಾನಿಗೆ ಬೆಂಕಿ ಹಚ್ಚಿದವನ ಮೇಲೆ ವಂಚನೆಯ ಆಪಾದನೆಯೂ ಜೊತೆಗೆ ಬರಬಹುದು. ಅಣ್ಣತಮ್ಮಂದಿರ ಜಂಟಿ ಮನೆಗೆ ಒಬ್ಬನು ಬೆಂಕಿ ಇಟ್ಟು “ನನ್ನ ಪಾಲೂ ಇದೆ” ಎಂದು ವಾದಿಸುವುದಕ್ಕೂ ಈ ವಿವರಣೆಯೇ ಉತ್ತರ.

ಬೆಂಕಿಯಿಂದ ಮಾಡಿದ ಕೇಡು: ಎರಡು ಹಂತಗಳು

ಕಲಂ 326(ಎಫ್): ಬೆಂಕಿ ಅಥವಾ ಸ್ಫೋಟಕ ವಸ್ತುವಿನಿಂದ, ಕೃಷಿ ಉತ್ಪನ್ನವೂ ಸೇರಿದಂತೆ ಯಾವುದೇ ಸ್ವತ್ತಿಗೆ ಹಾನಿಯುಂಟುಮಾಡುವ ಉದ್ದೇಶ ಅಥವಾ ಅರಿವಿನಿಂದ ಕೇಡು ಎಸಗಿದರೆ ಏಳು ವರ್ಷಗಳವರೆಗೆ ಕಾರಾವಾಸ ಮತ್ತು ಜುಲ್ಮಾನೆ. ಬಣವೆ, ಕಣದಲ್ಲಿನ ರಾಶಿ, ನಿಂತ ಬೆಳೆ, ದ್ವಿಚಕ್ರ ವಾಹನ, ಲಾರಿ, ಪಂಪ್‌ಸೆಟ್ಟಿನ ಕೇಬಲ್ಲು ಇವೆಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ.

ಹಳೆಯ ಕಲಂ 435ರಲ್ಲಿ ಹಾನಿಯ ಮೊತ್ತಕ್ಕೆ ಮಿತಿಯಿತ್ತು. ಸಾಮಾನ್ಯ ಸ್ವತ್ತಿಗೆ ನೂರು ರೂಪಾಯಿ. ಕೃಷಿ ಉತ್ಪನ್ನವಾದರೆ, 1882ರ ತಿದ್ದುಪಡಿಯ ಪ್ರಕಾರ, ಹತ್ತು ರೂಪಾಯಿ. ಆ ಕಾಲಕ್ಕೆ ಹತ್ತು ರೂಪಾಯಿ ಎಂದರೆ ಬಡ ರೈತನೊಬ್ಬನ ಮಟ್ಟಿಗೆ ದೊಡ್ಡ ಗಂಟು. ಇಂದು ಅದು ಒಂದು ಹೊರೆ ಹುಲ್ಲಿನ ಬೆಲೆಯೂ ಅಲ್ಲ. ಹೊಸ ಸಂಹಿತೆಯು ಎರಡೂ ಮಿತಿಗಳನ್ನು ಕೈಬಿಟ್ಟಿದೆ. ಆದರೂ ನಷ್ಟದ ಅಂದಾಜನ್ನು ದೂರಿನಲ್ಲಿ ನಮೂದಿಸುವುದು ಅವಶ್ಯಕ. ಶಿಕ್ಷೆಯ ಪ್ರಮಾಣ ಹಾಗೂ ನ್ಯಾಯಾಲಯವು ಆದೇಶಿಸಬಹುದಾದ ಪರಿಹಾರ ನಿರ್ಧಾರವಾಗುವಾಗ ಅದೇ ಆಧಾರವಾಗುತ್ತದೆ. ಅಂದಾಜು ವಾಸ್ತವವಾಗಿರಬೇಕು. ದೂರಿನಲ್ಲಿ ಒಂದು ಮೊತ್ತ, ವಿಮಾ ಅರ್ಜಿಯಲ್ಲಿ ಇನ್ನೊಂದು ಮೊತ್ತ, ತಹಶೀಲ್ದಾರರಿಗೆ ಸಲ್ಲಿಸಿದ ಮನವಿಯಲ್ಲಿ ಮತ್ತೊಂದು ಮೊತ್ತ ಇದ್ದರೆ ಮೂರೂ ಕಡೆ ಅರ್ಜಿದಾರರೇ ಕಷ್ಟಕ್ಕೆ ಸಿಲುಕುತ್ತಾರೆ. ಪಾಟಿ ಸವಾಲಿನಲ್ಲಿ ಪ್ರತಿವಾದಿ ವಕೀಲರು ಮೊದಲು ಹಿಡಿಯುವುದೇ ಇಂತಹ ವ್ಯತ್ಯಾಸವನ್ನು.

ಕಲಂ 326(ಜಿ): ಪೂಜಾ ಸ್ಥಳವಾಗಿ, ಮನುಷ್ಯರ ವಾಸಸ್ಥಾನವಾಗಿ ಅಥವಾ ಸ್ವತ್ತನ್ನು ಇಡುವ ಸ್ಥಳವಾಗಿ ಸಾಮಾನ್ಯವಾಗಿ ಬಳಸಲಾಗುತ್ತಿರುವ ಕಟ್ಟಡದ ನಾಶವನ್ನು ಉಂಟುಮಾಡುವ ಉದ್ದೇಶ ಅಥವಾ ಅರಿವಿನಿಂದ ಬೆಂಕಿಯ ಮೂಲಕ ಕೇಡು ಎಸಗಿದರೆ ಜೀವಾವಧಿ ಕಾರಾವಾಸ, ಅಥವಾ ಹತ್ತು ವರ್ಷಗಳವರೆಗೆ ಕಾರಾವಾಸ ಮತ್ತು ಜುಲ್ಮಾನೆ. ಇದು ಹಳೆಯ ಕಲಂ 436ಕ್ಕೆ ಸಮಾನವಾದುದು.

ಇಲ್ಲಿ “ಸಾಮಾನ್ಯವಾಗಿ ಬಳಸಲಾಗುತ್ತಿರುವ” ಎಂಬ ಪದಗಳನ್ನು ಗಮನಿಸತಕ್ಕದ್ದು. ಬೆಂಕಿ ಹಚ್ಚಿದ ಕ್ಷಣದಲ್ಲಿ ಮನೆಯೊಳಗೆ ಜನರಿರಬೇಕೆಂದಿಲ್ಲ. ಕುಟುಂಬವು ಜಾತ್ರೆಗೆ ಅಥವಾ ಕೂಲಿಗೆ ಹೋಗಿದ್ದಾಗ ಮನೆ ಸುಟ್ಟರೂ ಅದು ವಾಸದ ಮನೆಯೇ. ಅಂಗಡಿ, ಗೋದಾಮು ಮುಂತಾದವು ಸ್ವತ್ತನ್ನು ಇಡುವ ಕಟ್ಟಡಗಳ ವರ್ಗಕ್ಕೆ ಸೇರುತ್ತವೆ. ವಾಹನವು ಕಟ್ಟಡವಲ್ಲವಾದ ಕಾರಣ ಎಷ್ಟೇ ಬೆಲೆಯದಾದರೂ ಈ ಉಪಖಂಡಕ್ಕೆ ಬರುವುದಿಲ್ಲ. ಬಹುಕಾಲದಿಂದ ಪಾಳುಬಿದ್ದು ಯಾರೂ ಬಳಸದ ಕಟ್ಟಡವಾದಲ್ಲಿ ಉಪಖಂಡ (ಎಫ್) ಅನ್ವಯಿಸುವ ಸಂಭವವೇ ಹೆಚ್ಚು. ಆದುದರಿಂದ ದೂರು ನೀಡುವವರು “ನನ್ನ ಕಟ್ಟಡ ಸುಟ್ಟಿದೆ” ಎಂದಷ್ಟೇ ಬರೆಯದೆ, ಅಲ್ಲಿ ಯಾರು ವಾಸವಿದ್ದರು, ಏನನ್ನು ಇಡಲಾಗಿತ್ತು, ಎಷ್ಟು ಕಾಲದಿಂದ ಬಳಕೆಯಲ್ಲಿತ್ತು ಎಂಬುದನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.

ಕಟ್ಟಡವು ಪೂರ್ಣ ಸುಟ್ಟು ಬೂದಿಯಾಗಬೇಕೆಂಬ ನಿಯಮವಿಲ್ಲ. ನಾಶಪಡಿಸುವ ಉದ್ದೇಶದಿಂದ ಹಚ್ಚಿದ ಬೆಂಕಿಯನ್ನು ನೆರೆಹೊರೆಯವರು ಬೇಗನೆ ನಂದಿಸಿ ಬಾಗಿಲು ಮಾತ್ರ ಸುಟ್ಟಿದ್ದರೂ ಕೇಡು ಸಂಭವಿಸಿದೆ. ಸೀಮೆಎಣ್ಣೆ ಸುರಿದು ಕಡ್ಡಿ ಗೀರುವಷ್ಟರಲ್ಲಿ ಸಿಕ್ಕಿಬಿದ್ದಿದ್ದರೆ ಅದು ಪ್ರಯತ್ನ. ಅದಕ್ಕೆ ಕಲಂ 62 ಅನ್ವಯಿಸುತ್ತದೆ.

ರೈಲು, ವಿಮಾನ, ಅಟ್ಟವುಳ್ಳ ಹಡಗು ಅಥವಾ ಇಪ್ಪತ್ತು ಟನ್ ಮತ್ತು ಅದಕ್ಕೆ ಮೇಲ್ಪಟ್ಟ ಭಾರದ ಹಡಗನ್ನು ಬೆಂಕಿಯಿಂದ ನಾಶಪಡಿಸುವ ಕೃತ್ಯಕ್ಕೆ ಕಲಂ 327(2)ರ ಅಡಿಯಲ್ಲಿ ಇದೇ ರೀತಿಯ ಗುರುತರ ಶಿಕ್ಷೆಯಿದೆ.

ಬೆಂಕಿಯಿಂದ ಜೀವಹಾನಿಯಾದಲ್ಲಿ

ಬೆಂಕಿಯಿಂದ ಮನುಷ್ಯರು ಮೃತಪಟ್ಟರೆ, ಸಂದರ್ಭಾನುಸಾರ ಕೊಲೆ ಅಥವಾ ಕೊಲೆಯಲ್ಲದ ನರಹತ್ಯೆಯ ಕಲಮುಗಳೂ ಸೇರುತ್ತವೆ. 2000ನೇ ಇಸವಿಯ ಫೆಬ್ರವರಿಯಲ್ಲಿ ತಮಿಳುನಾಡಿನ ಧರ್ಮಪುರಿಯಲ್ಲಿ ಗುಂಪೊಂದು ಬಸ್ಸಿಗೆ ಬೆಂಕಿ ಹಚ್ಚಿದ್ದರಿಂದ ಮೂವರು ಕೃಷಿ ವಿದ್ಯಾರ್ಥಿನಿಯರು ಮೃತಪಟ್ಟರು. ಮೂವರು ಅಪರಾಧಿಗಳಿಗೆ ವಿಧಿಸಲಾಗಿದ್ದ ಮರಣದಂಡನೆಯನ್ನು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಜೀವಾವಧಿಗೆ ಇಳಿಸಿತು. ಗುಂಪಿನಲ್ಲಿದ್ದವರೆಲ್ಲರೂ ಸ್ವತಃ ಕಡ್ಡಿ ಗೀರಿರಬೇಕೆಂದಿಲ್ಲ. ಸಮಾನ ಉದ್ದೇಶಕ್ಕೆ ಕಲಂ 3(5), ಅಕ್ರಮ ಕೂಟದ ಸದಸ್ಯತ್ವಕ್ಕೆ ಕಲಂ 190 ಇವೆ.

ಅಜಾಗರೂಕತೆಯ ಬೆಂಕಿ

ಉದ್ದೇಶವಿಲ್ಲದೆ, ಆದರೆ ದುಡುಕು ಅಥವಾ ನಿರ್ಲಕ್ಷ್ಯದಿಂದ ಬೆಂಕಿಯನ್ನು ಬಳಸಿ ಮನುಷ್ಯರ ಜೀವಕ್ಕೆ ಅಪಾಯವೊಡ್ಡಿದರೆ ಕಲಂ 287ರ ಪ್ರಕಾರ ಆರು ತಿಂಗಳವರೆಗೆ ಕಾರಾವಾಸ, ಅಥವಾ ಎರಡು ಸಾವಿರ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ. ಈ ಅಪರಾಧವನ್ನು ನ್ಯಾಯಾಲಯವು ವಿಚಾರಣೆಗೆ ಅಂಗೀಕರಿಸಲು ಒಂದು ವರ್ಷದ ಕಾಲಮಿತಿಯಿದೆ. ಮೇಲೆ ಹೇಳಿದ 326(ಎಫ್) ಮತ್ತು (ಜಿ)ಗಳಿಗೆ ಅಂತಹ ಕಾಲಮಿತಿ ಇಲ್ಲ.

ನಿರ್ಲಕ್ಷ್ಯದಿಂದ ಕೇವಲ ಸ್ವತ್ತಿಗೆ ನಷ್ಟವಾಗಿ, ಯಾರ ಜೀವಕ್ಕೂ ದೇಹಕ್ಕೂ ಅಪಾಯವಿಲ್ಲದಿದ್ದಲ್ಲಿ, ಈ ಕಲಮಿನ ಅಡಿಯಲ್ಲಿಯೂ ದಂಡನೆ ಕಷ್ಟಸಾಧ್ಯ. ಪಕ್ಕದ ಹೊಲದವನ ರವದಿ ಬೆಂಕಿಯಿಂದ ತೋಟ ಕಳೆದುಕೊಂಡವನಿಗೆ ಇದು ಅನ್ಯಾಯವೆಂದು ತೋರಬಹುದು. ಆದರೆ ಅಂತಹ ನಷ್ಟಕ್ಕೆ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರದ ದಾವೆ ಹೂಡುವ ಮಾರ್ಗವು ತೆರೆದಿದೆ. ಸಿವಿಲ್ ಸ್ವರೂಪದ ನಷ್ಟವನ್ನು ಕ್ರಿಮಿನಲ್ ದೂರಾಗಿ ಮಾರ್ಪಡಿಸಲು “ಬೇಕೆಂದೇ ಹಚ್ಚಿದ್ದಾರೆ” ಎಂದು ಸೇರಿಸುವುದು ಸೂಕ್ತವಲ್ಲ. ಸುಳ್ಳು ಮಾಹಿತಿ ನೀಡುವುದು ತಾನೇ ಒಂದು ಅಪರಾಧ.

ಅಪರಾಧವಾಗದ ಸಂದರ್ಭಗಳು

ದೊಡ್ಡ ಬೆಂಕಿ ಹರಡುವುದನ್ನು ತಡೆಯಲು, ಜೀವ ಅಥವಾ ಸ್ವತ್ತನ್ನು ಉಳಿಸುವ ಸದುದ್ದೇಶದಿಂದ ನಡುವಿನ ಮನೆಯನ್ನು ಕೆಡವುವುದು ಅಪರಾಧವಲ್ಲವೆಂದು ಕಲಂ 19ರ ದೃಷ್ಟಾಂತವೇ ತಿಳಿಸುತ್ತದೆ. ಏಳು ವರ್ಷದೊಳಗಿನ ಮಗುವಿನ ಕೃತ್ಯ ಅಪರಾಧವಲ್ಲ. ಕೃತ್ಯದ ಸ್ವರೂಪವನ್ನು ಅರಿಯಲಾಗದ ಮಾನಸಿಕ ಅಸ್ವಸ್ಥರಿಗೂ ರಕ್ಷಣೆಯಿದೆ. ತಾನಾಗಿಯೇ ಕುಡಿದು ಮತ್ತನಾಗಿದ್ದವನಿಗೆ ಆ ರಕ್ಷಣೆ ದೊರೆಯದು. ವಾಸದ ಅಥವಾ ಸ್ವತ್ತಿಡುವ ಕಟ್ಟಡ, ಡೇರೆ ಅಥವಾ ಹಡಗಿಗೆ ಬೆಂಕಿ ಹಚ್ಚುವವನ ವಿರುದ್ಧ ಸ್ವತ್ತಿನ ಖಾಸಗಿ ರಕ್ಷಣೆಯ ಹಕ್ಕು, ಕಲಂ 41ರ ಪ್ರಕಾರ ಮತ್ತು ಷರತ್ತುಗಳಿಗೊಳಪಟ್ಟು, ಅವನ ಮರಣವನ್ನುಂಟುಮಾಡುವವರೆಗೂ ವಿಸ್ತರಿಸುತ್ತದೆ. ಕಾನೂನು ಈ ಅಪರಾಧವನ್ನು ದರೋಡೆಯ ಸಾಲಿನಲ್ಲಿ ಇಟ್ಟಿದೆ ಎಂಬುದು ಇದರಿಂದ ವೇದ್ಯವಾಗುತ್ತದೆ.

ವಿಶೇಷ ಕಾನೂನುಗಳು

ಸರ್ಕಾರಿ ಬಸ್ಸು, ಕಚೇರಿ ಮುಂತಾದ ಸಾರ್ವಜನಿಕ ಸ್ವತ್ತಿಗೆ ಬೆಂಕಿ ಹಚ್ಚಿದರೆ ಸಾರ್ವಜನಿಕ ಸ್ವತ್ತು ಹಾನಿ ತಡೆ ಅಧಿನಿಯಮ, 1984ರ ಕಲಂ 4ರಂತೆ ಒಂದು ವರ್ಷಕ್ಕೆ ಕಡಿಮೆಯಿಲ್ಲದ, ಹತ್ತು ವರ್ಷಗಳವರೆಗಿನ ಕಠಿಣ ಕಾರಾವಾಸವಿದೆ. ಆಗಸ್ಟ್ 2020ರಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿ ಮತ್ತು ಕೆ.ಜಿ. ಹಳ್ಳಿ ಗಲಭೆಯ ತರುವಾಯ ನಷ್ಟದ ಅಂದಾಜಿಗಾಗಿ ಉಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಹೆಚ್.ಎಸ್. ಕೆಂಪಣ್ಣ ಅವರನ್ನು ಕ್ಲೇಮ್ಸ್ ಕಮಿಷನರ್ ಆಗಿ ನೇಮಿಸಿತ್ತು. ವನ್ಯಜೀವಿಧಾಮಕ್ಕೆ ಬೆಂಕಿ ಹಚ್ಚುವುದನ್ನು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಕಲಂ 30 ನಿಷೇಧಿಸುತ್ತದೆ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಅಧಿನಿಯಮ, 1989ರ ಕಲಂ 3(2)(iii) ಮತ್ತು (iv) ವಿಶೇಷ ಗಮನಕ್ಕೆ ಅರ್ಹವಾದವು. ಈ ಸಮುದಾಯಗಳಿಗೆ ಸೇರದ ವ್ಯಕ್ತಿಯು ಈ ಸಮುದಾಯಗಳ ಸದಸ್ಯರ ಸ್ವತ್ತಿಗೆ ಬೆಂಕಿ ಹಚ್ಚಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಏಳು ವರ್ಷಗಳವರೆಗಿನ ಕಾರಾವಾಸ. ವಾಸದ ಮನೆ, ಪೂಜಾಸ್ಥಳ ಅಥವಾ ಸ್ವತ್ತಿಡುವ ಕಟ್ಟಡವಾದರೆ ಜೀವಾವಧಿ ಕಾರಾವಾಸ ಮತ್ತು ಜುಲ್ಮಾನೆ. ಎರಡನೆಯದರಲ್ಲಿ ಹತ್ತು ವರ್ಷದ ಪರ್ಯಾಯವಿಲ್ಲ.

ನಮ್ಮ ರಾಜ್ಯದ ಎರಡು ಪ್ರಕರಣಗಳನ್ನು ಇಲ್ಲಿ ಉಲ್ಲೇಖಿಸುವುದು ಅಗತ್ಯ. ಅಂದಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ದಿನಾಂಕ 11.03.2000ರಂದು ಏಳು ಮಂದಿ ದಲಿತರನ್ನು ಸಜೀವವಾಗಿ ಸುಡಲಾಯಿತು. ಸಾಕ್ಷಿಗಳು ಪ್ರತಿಕೂಲವಾಗಿ ತಿರುಗಿದ್ದರಿಂದ ವಿಚಾರಣಾ ನ್ಯಾಯಾಲಯವು 2006ರಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು; 2014ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಆಗಸ್ಟ್ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದ ಪ್ರಕರಣದಲ್ಲಿ ಕೊಪ್ಪಳದ ಸತ್ರ ನ್ಯಾಯಾಲಯವು ದಿನಾಂಕ 24.10.2024ರಂದು 98 ಮಂದಿಗೆ ಜೀವಾವಧಿ ಶಿಕ್ಷೆಯನ್ನೂ ಮೂವರಿಗೆ ಐದು ವರ್ಷದ ಶಿಕ್ಷೆಯನ್ನೂ ವಿಧಿಸಿತು. ಮರು ತಿಂಗಳು ಮೇಲ್ಮನವಿಯ ಹಂತದಲ್ಲಿ ಶಿಕ್ಷಿತರಲ್ಲಿ ಬಹುತೇಕರಿಗೆ ಉಚ್ಚ ನ್ಯಾಯಾಲಯದಿಂದ ಜಾಮೀನು ದೊರೆಯಿತು. ಕಾನೂನಿನ ಪಠ್ಯವು ಎರಡೂ ಕಡೆ ಒಂದೇ ಆಗಿತ್ತು, ಸಾಕ್ಷ್ಯ ಬೇರೆಯಾಗಿತ್ತು. ಬೆದರಿಕೆಯಿರುವ ಸಾಕ್ಷಿಗಳು ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೋರಬಹುದು. ಹೇಳಿಕೆಯನ್ನು ನ್ಯಾಯಿಕ ದಂಡಾಧಿಕಾರಿಗಳ ಮುಂದೆ ದಾಖಲಿಸಲೂ ಅವಕಾಶವಿದೆ.

ಜಾಮೀನು ಮತ್ತು ರಾಜಿ

ಎರಡೂ ಉಪಖಂಡಗಳ ಅಪರಾಧಗಳು ಸಂಜ್ಞೇಯ. ಅಂದರೆ ಪೊಲೀಸರು ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಪ್ರಕರಣ ದಾಖಲಿಸಿ ತನಿಖೆ ಕೈಗೊಳ್ಳತಕ್ಕದ್ದು. 326(ಜಿ) ಜಾಮೀನುರಹಿತವಾಗಿದ್ದು ಸತ್ರ ನ್ಯಾಯಾಲಯದಿಂದ ವಿಚಾರಣೆಗೊಳಪಡುತ್ತದೆ. 326(ಎಫ್) ಜಾಮೀನೀಯ, ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳು ವಿಚಾರಣೆ ನಡೆಸುತ್ತಾರೆ. ಬಣವೆ ಸುಟ್ಟವನು ಮರುದಿನವೇ ಊರಿನಲ್ಲಿ ಕಾಣಿಸಿಕೊಂಡನೆಂದು ಪೊಲೀಸರ ಮೇಲೆ ದೂರುವವರು ಈ ವ್ಯತ್ಯಾಸವನ್ನು ಅರಿಯಬೇಕು. ಜಾಮೀನು ದೊರೆತ ಮಾತ್ರಕ್ಕೆ ಪ್ರಕರಣ ಮುಗಿದಂತಲ್ಲ.

ಈ ಎರಡೂ ಅಪರಾಧಗಳು ರಾಜಿಯಾಗತಕ್ಕ ಅಪರಾಧಗಳ ಪಟ್ಟಿಯಲ್ಲಿಲ್ಲ. ಊರ ಹಿರಿಯರ ಮುಂದೆ ದಂಡ ಕಟ್ಟಿಸಿ ಬರೆದುಕೊಂಡ ಕರಾರಿನಿಂದ ಪ್ರಕರಣ ತಾನಾಗಿ ಮುಕ್ತಾಯವಾಗುವುದಿಲ್ಲ. ರಾಜಿಯ ಆಧಾರದ ಮೇಲೆ ಪ್ರಕರಣವನ್ನು ರದ್ದುಪಡಿಸುವ ವಿವೇಚನಾಧಿಕಾರವು ಉಚ್ಚ ನ್ಯಾಯಾಲಯಕ್ಕೆ ಮಾತ್ರ ಇದೆ.

ದೂರು ಸಲ್ಲಿಸುವ ವಿಧಾನ ಹಾಗೂ ದಾಖಲೆಗಳು

ಬೆಂಕಿ ಕಂಡ ಕೂಡಲೇ 112 ಅಥವಾ 101ಕ್ಕೆ ಕರೆ ಮಾಡತಕ್ಕದ್ದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಘಟನೆ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಯಾವುದೇ ಪೊಲೀಸ್ ಠಾಣೆಯಲ್ಲಿ ಮಾಹಿತಿ ನೀಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ನೀಡಿದಲ್ಲಿ ಮೂರು ದಿನಗಳೊಳಗೆ ಸಹಿ ಮಾಡತಕ್ಕದ್ದು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ಮಾಹಿತಿದಾರರ ಹಕ್ಕು. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಅನ್ವಯಿಸುವ ಹದಿನಾಲ್ಕು ದಿನಗಳ ಪ್ರಾಥಮಿಕ ವಿಚಾರಣೆಯ ಅವಕಾಶವು, ಏಳು ವರ್ಷದ ಶಿಕ್ಷೆಯಿರುವ 326(ಎಫ್)ಗೆ ಅನ್ವಯಿಸುವುದಿಲ್ಲ. ಠಾಣೆಯಲ್ಲಿ ದೂರು ನಿರಾಕರಿಸಿದರೆ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಲಿಖಿತವಾಗಿ ಸಲ್ಲಿಸಿ, ಅಲ್ಲಿಯೂ ಕ್ರಮವಾಗದಿದ್ದಲ್ಲಿ ದಂಡಾಧಿಕಾರಿಗಳನ್ನು ಕೋರಬಹುದು. ತನಿಖೆಯ ಪ್ರಗತಿಯನ್ನು ತೊಂಬತ್ತು ದಿನಗಳೊಳಗೆ ಪೊಲೀಸರು ತಿಳಿಸತಕ್ಕದ್ದು.

ಸ್ಥಳವನ್ನು ಮಹಜರು ಮುಗಿಯುವವರೆಗೆ ಶುಚಿಗೊಳಿಸಬಾರದು. ಮನೆ ಸುಟ್ಟವರು ಬೂದಿಯನ್ನು ಗುಡಿಸಿ ಉಳಿದ ಪಾತ್ರೆ ಪಗಡೆ ಹುಡುಕುವುದು ಸಹಜ. ಆದರೆ ಸೀಮೆಎಣ್ಣೆ ಅಥವಾ ಪೆಟ್ರೋಲಿನ ಅಂಶವು ಬೇಗನೆ ಆವಿಯಾಗುತ್ತದೆ. ಸುಟ್ಟ ಬಟ್ಟೆ, ಮಣ್ಣು ಇವುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಂಗ್ರಹಿಸಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುವುದು ತನಿಖಾಧಿಕಾರಿಯ ಕೆಲಸ. ಅಲ್ಲಿಯವರೆಗೆ ಸ್ಥಳವನ್ನು ಕಾಯುವುದು ನೊಂದವರ ಹಿತಕ್ಕೇ ಒಳ್ಳೆಯದು. ವಿದ್ಯುತ್ ಶಾರ್ಟ್ ಸರ್ಕ್ಯೂಟ್ ಎಂಬ ವಾದ ಎದುರಾಗುವುದು ಬಹುತೇಕ ನಿಶ್ಚಿತವಾದ ಕಾರಣ, ಮೀಟರ್ ಹಾಗೂ ವೈರಿಂಗನ್ನು ವಿದ್ಯುತ್ ಅಧಿಕಾರಿಗಳು ನೋಡುವ ಮೊದಲು ಬದಲಾಯಿಸಕೂಡದು. ಬಣವೆ ಅಥವಾ ಗುಡಿಸಲಿಗೆ ವಿದ್ಯುತ್ ಸಂಪರ್ಕವೇ ಇಲ್ಲದಿದ್ದಲ್ಲಿ ಆ ಸಂಗತಿಯನ್ನು ದೂರಿನಲ್ಲಿಯೇ ಬರೆಯತಕ್ಕದ್ದು.

ವಿಮೆ ಅಥವಾ ಪರಿಹಾರ ಕೋರುವವರು ಪ್ರಥಮ ವರ್ತಮಾನ ವರದಿ, ಮಹಜರಿನ ಪ್ರತಿ, ಅಗ್ನಿಶಾಮಕ ದಳ ಬಂದಿದ್ದಲ್ಲಿ ಅಗ್ನಿ ವರದಿ, ಸ್ವತ್ತಿನ ಒಡೆತನದ ದಾಖಲೆ, ಛಾಯಾಚಿತ್ರಗಳು ಮತ್ತು ಖರೀದಿ ರಸೀದಿಗಳನ್ನು ಒಟ್ಟಾಗಿ ಇಟ್ಟುಕೊಳ್ಳತಕ್ಕದ್ದು. ಮನೆಯ ಕಾಗದಪತ್ರಗಳೇ ಸುಟ್ಟುಹೋಗಿದ್ದಲ್ಲಿ ಪಹಣಿ, ಮ್ಯುಟೇಷನ್, ನೋಂದಾಯಿತ ಪತ್ರಗಳ ದೃಢೀಕೃತ ನಕಲುಗಳನ್ನು ಸಂಬಂಧಪಟ್ಟ ಕಂದಾಯ ಮತ್ತು ಉಪನೋಂದಣಿ ಕಚೇರಿಗಳಿಂದ ಪಡೆಯಬಹುದು. ಸುಟ್ಟ ದಾಖಲೆಗಳ ಪಟ್ಟಿಯನ್ನು ದೂರಿನಲ್ಲಿಯೇ ಸೇರಿಸಿದ್ದರೆ ನಕಲು ಪಡೆಯುವಾಗ ಮತ್ತೊಂದು ದೂರು ನೀಡಬೇಕಾದ ಪ್ರಮೇಯ ಬರುವುದಿಲ್ಲ. ಮನೆ ಕಳೆದುಕೊಂಡವರು ತಕ್ಷಣದ ನೆರವಿಗಾಗಿ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಬಹುದು. ದೌರ್ಜನ್ಯ ತಡೆ ಅಧಿನಿಯಮದ ಪ್ರಕರಣಗಳಲ್ಲಿ 1995ರ ನಿಯಮಗಳಂತೆ ಜಿಲ್ಲಾಡಳಿತದಿಂದ ಪ್ರತ್ಯೇಕ ಪರಿಹಾರವಿದೆ. ಸುಟ್ಟಗಾಯ ಅಥವಾ ಮರಣ ಸಂಭವಿಸಿದಲ್ಲಿ ಸಂತ್ರಸ್ತರ ಪರಿಹಾರ ಯೋಜನೆಯಡಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಇತರ ಅರ್ಹರಿಗೆ ಸದರಿ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ದೊರೆಯುತ್ತದೆ. ದೂರವಾಣಿ ಸಹಾಯವಾಣಿ ಸಂಖ್ಯೆ 15100.